ಗೇರ್ ರಾಡ್ ಸುಳ್ಳು ಹೇಳಿದಾಗ

ಈ ತಿಂಗಳು ಲಾರಿಯ ಗೇರಿನ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರು ಪುಟ ತಿರುವಿಬಿಡಬಹುದು. ಸ್ವಲ್ಪ ತಾಳಿ. ನಿಮ್ಮ ಮನೆಯಲ್ಲಿ ಲಾರಿ ಇಲ್ಲದಿರಬಹುದು. ಆದರೆ ಟೆಂಪೊ, ಟ್ರ್ಯಾಕ್ಟರ್, ಗೂಡ್ಸ್ ಆಟೋ, ಕಾರು, ಹಳೆಯ ಸ್ಕೂಟರ್, ಇವುಗಳಲ್ಲಿ ಒಂದಾದರೂ ಅಂಗಳದಲ್ಲಿ ನಿಂತಿರುತ್ತದೆ. ಅದರ ಹಿಂದೆ ಮುಂದೆ ನೀವು ಬಟ್ಟೆ ಒಣಹಾಕುತ್ತೀರಿ, ಮಕ್ಕಳು ಆಡುತ್ತಾರೆ. ಹಾಗಾಗಿ ಈ ವಿಷಯ ಗಂಡಸರಿಗೆ ಮಾತ್ರ ಸೇರಿದ್ದಲ್ಲ.

ನಮ್ಮ ಹತ್ತರಗಿ ಹುಕ್ಕೇರಿ ತಾಲ್ಲೂಕಿನ ಊರು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಊರಿಗೆ ತಾಗಿಕೊಂಡೇ ಹೋಗುತ್ತದೆ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಇದು 48 ಆಯಿತು. ಆದರೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಅದು ಎನ್‌ಎಚ್ ಫೋರ್. ಟೋಲ್ ನಾಕಾ ನಮ್ಮ ಊರಿನ ಹೆಸರಿನಲ್ಲೇ ಇದೆ. ಬೆಳಗಾವಿಯ ಕಡೆ ಹೊರಟರೆ ವಂಟಮುರಿ ಘಾಟಿನ ಏರಿಳಿತ, ಇತ್ತ ಹೊರಟರೆ ಸಂಕೇಶ್ವರ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ದಾರಿಯಲ್ಲಿ ಹಗಲು ರಾತ್ರಿ ಟ್ರಕ್ಕುಗಳು, ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಇಂಥ ಊರಿನಲ್ಲಿ ಡ್ರೈವರ್ ಇಲ್ಲದ ಮನೆತನ ಹುಡುಕುವುದು ಕಷ್ಟ. ನನ್ನ ಅಣ್ಣನೂ ಡ್ರೈವರ್. ಅವನದು ಒಂದು ಹಳೆಯ ಟ್ರಕ್. ಅದರ ವಯಸ್ಸು ಅವನ ಹಿರಿಯ ಮಗಳ ವಯಸ್ಸಿಗಿಂತ ಹೆಚ್ಚು.

ಎರಡು ವರ್ಷಗಳ ಹಿಂದಿನ ಮಾತು. ಅಣ್ಣ ರಾತ್ರಿಯೆಲ್ಲ ಗಾಡಿ ಓಡಿಸಿ ಬಂದು ಮಲಗಿದ್ದ. ಟ್ರಕ್ ಅಂಗಳದಲ್ಲಿ ನಿಂತಿತ್ತು. ಆ ದಿನ ನಳದಲ್ಲಿ ನೀರು ಬಂದಿರಲಿಲ್ಲ, ನೀರಿನ ಟ್ಯಾಂಕರ್ ಬಂತು. ಟ್ಯಾಂಕರ್ ಒಳಗೆ ಬರಬೇಕಾದರೆ ಟ್ರಕ್ಕನ್ನು ನಾಲ್ಕು ಹೆಜ್ಜೆ ಮುಂದೆ ಸರಿಸಬೇಕು. ಇಡೀ ರಾತ್ರಿ ನಿದ್ದೆಗೆಟ್ಟವನನ್ನು ಎಬ್ಬಿಸುವುದು ಬೇಡವೆಂದು ಭಾಬಿ ಕ್ಲೀನರ್ ಹುಡುಗನಿಗೆ ಹೇಳಿದರು. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಹತ್ತೊಂಬತ್ತು ವರ್ಷದವನು, ಬಹಳ ವಿನಯವಂತ. ಅಲ್ಲಿ ಇಲ್ಲಿ ಟೆಂಪೊ ಓಡಿಸಿ ಗೊತ್ತಿದ್ದವನು. ಹತ್ತಿ ಕುಳಿತ. ಗೇರ್ ರಾಡಿನ ತಲೆಯ ಮೇಲಿನ ಗುಂಡಿನಲ್ಲಿ ಗೆರೆ ಎಳೆದು ಅಂಕಿ ಬರೆದಿರುತ್ತಾರಲ್ಲ, ಅದನ್ನು ನೋಡಿದ. ಎಡಕ್ಕೆ ಮುಂದೆ ಒಂದು ಎಂದು ಬರೆದಿತ್ತು. ಅಲ್ಲಿಗೇ ತಳ್ಳಿದ. ಕ್ಲಚ್ ಬಿಟ್ಟ.

ಟ್ರಕ್ ಹಿಂದಕ್ಕೆ ಬಂತು.

ಹಿಂದೆ ಭಾಂಡೆ ತಿಕ್ಕುವ ಕಲ್ಲಿನ ಹತ್ತಿರ ಭಾಬಿ ಕುಳಿತಿದ್ದರು, ಪಕ್ಕದಲ್ಲಿ ಎರಡು ವರ್ಷದ ಮೊಮ್ಮಗ. ಟ್ಯಾಂಕರಿನವನು ಕೂಗಿದ್ದರಿಂದ ಭಾಬಿ ಮಗುವನ್ನು ಎಳೆದುಕೊಂಡು ಪಕ್ಕಕ್ಕೆ ಬಿದ್ದರು. ಕೊಡಗಳು ಚಪ್ಪಟೆಯಾದವು, ಮೋಟು ಗೋಡೆ ಒಡೆಯಿತು, ಎಂಜಿನ್ ನಿಂತಿತು. ಅಲ್‌ಹಮ್ದುಲಿಲ್ಲಾಹ್, ಭಾಬಿಯ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹುಡುಗ ಇಳಿದು ಬಂದು ನಡುಗುತ್ತಾ ನಿಂತ. ಅಣ್ಣ ಎದ್ದು ಬಂದವನೇ ಕೈ ಎತ್ತಿದ. ಅವನ ಕೈ ಹಿಡಿದದ್ದು ಭಾಬಿಯೇ. ಹುಡುಗ ಅಳುತ್ತಾ ಒಂದೇ ಮಾತನ್ನು ಹೇಳುತ್ತಿದ್ದ, "ಮಾಮು, ಅದರಾಗ ಒಂದು ಅಂತ ಬರದೈತ್ರಿ, ನಾ ಒಂದಕ್ಕ ಹಾಕೀನ್ರಿ."

ಅವನು ಹೇಳಿದ್ದು ನಿಜ. ನಾನೇ ಹತ್ತಿ ನೋಡಿದೆ. ಹಾಗೆಯೇ ಬರೆದಿತ್ತು.

ಹಾಗಾದರೆ ತಪ್ಪು ಎಲ್ಲಿತ್ತು? ಅಣ್ಣನ ಟ್ರಕ್ಕಿನಲ್ಲಿ ಐದು ಮುಂದಿನ ಗೇರು, ಒಂದು ರಿವರ್ಸ್. ರಿವರ್ಸ್ ಇರುವುದು ಎಡಕ್ಕೆ ಮುಂದೆ, ಅದರ ನೇರ ಹಿಂದೆ ಒಂದನೆಯ ಗೇರು. ಎರಡು ಮತ್ತು ಮೂರು ನಡುವೆ, ನಾಲ್ಕು ಮತ್ತು ಐದು ಬಲಕ್ಕೆ. ಭಾರ ಹೊರುವ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಒಂದನೆಯ ಗೇರು ಬೇಕಾಗುವುದು ಹೊರಡುವಾಗ ಒಂದೇ ಸಲ, ಎರಡರಿಂದ ಮೂರಕ್ಕೆ ಹೋಗಿ ಬರುವುದು ದಿನಕ್ಕೆ ನೂರಾರು ಸಲ. ಆದ್ದರಿಂದ ಎರಡು ಮೂರನ್ನು ನೇರ ಗೆರೆಯಲ್ಲಿ ಇಟ್ಟಿರುತ್ತಾರೆ. ಬೇರೆ ಗಾಡಿಗಳಲ್ಲಿ ಎಡಕ್ಕೆ ಮುಂದೆ ಒಂದು, ಹಿಂದೆ ಎರಡು, ಹೀಗೆ ಸಾಗಿ ಬಲಕ್ಕೆ ಹಿಂದಿನ ಮೂಲೆಯಲ್ಲಿ ರಿವರ್ಸ್ ಇರುತ್ತದೆ. ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ. ಅಣ್ಣನ ಟ್ರಕ್ಕಿನ ಹಳೆಯ ಗುಂಡು ಬಿಸಿಲಿಗೆ ಸೀಳಿ ಕೈಗೆ ಚುಚ್ಚುತ್ತಿತ್ತು. ಯಾವುದೋ ಊರಿನಲ್ಲಿ ನಿಂತಾಗ ಬಿಡಿ ಭಾಗದ ಅಂಗಡಿಯಿಂದ ಕೈಗೆ ಸಿಕ್ಕ ಗುಂಡೊಂದನ್ನು ತಂದು ತಿರುವಿ ಕೂರಿಸಿದ್ದ. ತಿರುಪು ಕೂಡಿತು, ಹಿಡಿಯಲು ಚೆನ್ನಾಗಿತ್ತು. ಆದರೆ ಅದರ ಮೇಲಿನ ಚಿತ್ರ ಬೇರೆ ಗಾಡಿಯದು.

ಒಂದು ವರ್ಷ ಅದು ಹಾಗೆಯೇ ಇತ್ತು. ಅಣ್ಣನಿಗೆ ಒಂದು ದಿನವೂ ತೊಂದರೆಯಾಗಲಿಲ್ಲ. ಅವನು ಆ ಗುಂಡಿನ ಕಡೆ ನೋಡಿದ್ದರೆ ತಾನೇ! ಇಪ್ಪತ್ತು ವರ್ಷ ಓಡಿಸಿದವನ ಕೈಗೆ ಗೇರು ಗೊತ್ತು. ನಾವು ಕತ್ತಲೆಯಲ್ಲೂ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಕೈ ಹಾಕುತ್ತೇವಲ್ಲ, ಹಾಗೆ. ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿದ್ದರೂ ನಮಗೆ ತೊಂದರೆಯಿಲ್ಲ. ಹೊಸದಾಗಿ ಬಂದ ಸೊಸೆ ಚಹಾ ಮಾಡಿದಾಗಲೇ ಅದು ಗೊತ್ತಾಗುವುದು.

ಮರುದಿನ ಗ್ಯಾರೇಜಿನ ಮಿಸ್ತ್ರಿ ಬಂದರು. ಅರವತ್ತು ದಾಟಿದ ಮನುಷ್ಯ. ಕಣ್ಣಿಗೆ ದಪ್ಪ ಕನ್ನಡಕ. ನಡೆದದ್ದನ್ನೆಲ್ಲ ಕೇಳಿ, ಹುಡುಗನನ್ನು ಬೈಯಲಿಲ್ಲ. ಅಣ್ಣನನ್ನು ಬೈದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಗೊತ್ತಿದ್ದಾಂವಗ ಗುರುತ ಬೇಕಾಗೂದಿಲ್ರಿ. ಗೊತ್ತಿಲ್ದಾಂವಗ ಬೇಕ್ರಿ. ಇಲ್ಲಿ ಗೊತ್ತಿದ್ದಾಂವಾ ಗುರುತ ಹಚ್ಚ್ಯಾನ, ಗೊತ್ತಿಲ್ದಾಂವಾ ಅದನ್ನ ನಂಬ್ಯಾನ" ಎಂದರು. ಹತ್ತಾರು ವರ್ಷ ಪಾಠ ಹೇಳಿದ ನನಗೆ ಈ ಮಾತು ಅಂದು ಬಹಳ ನಾಟಿತು. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ನಾನು ತಪ್ಪು ಬರೆದರೆ ನನಗೇನೂ ನಷ್ಟವಿಲ್ಲ, ಬರೆದುಕೊಂಡ ಮಗುವಿಗೆ ನಷ್ಟ.

ಅವರು ಮಾಡಿದ ಕೆಲಸವನ್ನು ಹೇಳುತ್ತೇನೆ. ಇದು ನಿಮಗೂ ಗೊತ್ತಿರಲಿ. ಮೊದಲು ಟ್ರಕ್ಕನ್ನು ಅಂಗಳದಿಂದ ಹೊರಗೆ ಸಮತಟ್ಟಾದ ಬಯಲಿಗೆ ಒಯ್ದರು. ಕೈಬ್ರೇಕ್ ಎಳೆದು, ಗಾಲಿಗಳ ಹಿಂದೆಯೂ ಮುಂದೆಯೂ ಕಲ್ಲು ಇಡಿಸಿದರು. ಸುತ್ತ ನಿಂತ ಮಕ್ಕಳನ್ನೆಲ್ಲ ಓಡಿಸಿದರು. ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಗೇರ್ ರಾಡನ್ನು ಒಂದೊಂದೇ ಮನೆಗೆ ಹಾಕಿ, ಪ್ರತಿಯೊಂದು ಮನೆಯಲ್ಲೂ ಅದು ಪೂರ್ತಿ ಕೂರುತ್ತದೆಯೇ ಎಂದು ನೋಡಿದರು. ಅಣ್ಣ ಬಾಯಲ್ಲಿ ಹೇಳಿದ್ದನ್ನು ಅವರು ನಂಬಲಿಲ್ಲ. ಚಾವಿ ತಿರುಗಿಸಿ ಎಡಕ್ಕೆ ಮುಂದೆ ಹಾಕಿದಾಗ ಹಿಂದಿನ ರಿವರ್ಸ್ ದೀಪ ಹೊತ್ತಿತು. ಈ ದೀಪದ ಸ್ವಿಚ್ ಸಾಮಾನ್ಯವಾಗಿ ಗೇರ್ ಪೆಟ್ಟಿಗೆಯ ಮೇಲೆಯೇ ಇರುತ್ತದೆ, ಒಳಗೆ ರಿವರ್ಸ್ ಬಿದ್ದಾಗ ಮಾತ್ರ ಒತ್ತಿಕೊಳ್ಳುತ್ತದೆ. ಅದಕ್ಕೆ ಗುಂಡಿನ ಮೇಲೆ ಏನು ಬರೆದಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ಗುಂಡಿಗಿಂತ ಅದು ನಂಬಿಗಸ್ತ ಸಾಕ್ಷಿ, ದೀಪ ಸುಟ್ಟಿರಬಾರದು ಅಷ್ಟೆ. ಆಮೇಲೆ ಕಲ್ಲು ತೆಗೆಸಿ, ಎಂಜಿನ್ ಚಾಲೂ ಮಾಡಿ, ಪ್ರತಿ ಗೇರಿನಲ್ಲೂ ಒಂದು ಗೇಣಿನಷ್ಟು ಗಾಡಿ ಸರಿಸಿ ಖಚಿತ ಮಾಡಿಕೊಂಡರು. ಎಲ್ಲವನ್ನೂ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು ಬರೆದರು.

ನಂತರ ಗುಂಡು. ಆ ಟ್ರಕ್ಕಿಗೆ ಸರಿಯಾದ ಚಿತ್ರವಿರುವ ಗುಂಡನ್ನೇ ತರಿಸಿದ್ದರು. ಅದನ್ನು ರಾಡಿನ ತಲೆಗೆ ತಿರುವುತ್ತಾ ಹೋದಾಗ ಒಂದು ತಮಾಷೆ. ಪೂರ್ತಿ ಬಿಗಿಯಾಗುವಷ್ಟರಲ್ಲಿ ಚಿತ್ರ ಅಡ್ಡಡ್ಡ ನಿಂತಿತು. ಒಂದು ಎಂಬುದು ಬಾಗಿಲ ಕಡೆ, ರಿವರ್ಸ್ ಕನ್ನಡಿಯ ಕಡೆ. ಅನೇಕರು ಇಲ್ಲಿಯೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಚಿತ್ರ ನೇರವಾಗಲಿ ಎಂದು ಕಾಲು ಸುತ್ತು ಸಡಿಲಿಸಿ ಹಾಗೇ ಓಡಿಸುತ್ತಾರೆ. ಅದು ನಾಲ್ಕು ದಿನದಲ್ಲಿ ಮತ್ತೆ ತಿರುಗುತ್ತದೆ. ಸರಿಯಾದ ಕ್ರಮ ಬಹಳ ಸರಳ. ಗುಂಡಿನ ಕೆಳಗೆ ರಾಡಿಗೆ ಒಂದು ತೆಳು ನಟ್ಟು ಹಾಕಬೇಕು, ಚೆಕ್ ನಟ್ ಎನ್ನುತ್ತಾರೆ. ಗುಂಡನ್ನು ಚಿತ್ರ ನೇರವಾಗುವಲ್ಲಿ ನಿಲ್ಲಿಸಿ ಕೈಯಲ್ಲಿ ಗಟ್ಟಿ ಹಿಡಿದು, ಕೆಳಗಿನ ನಟ್ಟನ್ನು ಪಾನಾದಿಂದ ಮೇಲಕ್ಕೆ ಬಿಗಿದರೆ ಎರಡೂ ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಆ ನಟ್ಟಿನ ಬೆಲೆ ಎರಡು ಕಪ್ ಚಹಾದ್ದು. ದಾರ ಸುತ್ತುವುದು, ಗೋಂದು ಹಚ್ಚುವುದು ಇವೆಲ್ಲ ತಾತ್ಕಾಲಿಕ.

ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಮಿಸ್ತ್ರಿಗೆ ಮುಗಿದಿರಲಿಲ್ಲ. "ಹುಡುಗ ರಿವರ್ಸಿಗೆ ಅಷ್ಟ ಸರಳ ಹಾಕ್ಯಾನಂದ್ರ ಹ್ಯಾಂಗ?" ಎಂದು ಕೇಳಿದರು. ರಿವರ್ಸ್ ಗೇರು ಆಕಸ್ಮಿಕವಾಗಿ ಬೀಳದಂತೆ ಅದರ ದಾರಿಯಲ್ಲಿ ಒಂದು ಸ್ಪ್ರಿಂಗ್ ಅಡ್ಡ ಇಟ್ಟಿರುತ್ತಾರಂತೆ. ಕೈಗೆ ತಡೆ ಸಿಗಬೇಕು, ಒತ್ತಿ ತಳ್ಳಬೇಕು. ಕೆಲವು ಗಾಡಿಗಳಲ್ಲಿ ರಾಡನ್ನು ಮೇಲೆತ್ತಿ ಹಾಕಬೇಕಾಗುತ್ತದೆ. ಅಣ್ಣನ ಟ್ರಕ್ಕಿನಲ್ಲಿ ಆ ಸ್ಪ್ರಿಂಗ್ ಸೋತುಹೋಗಿತ್ತು. ಅದು ಗಟ್ಟಿಯಿದ್ದಿದ್ದರೆ ಹುಡುಗನಿಗೆ ಸಂಶಯ ಬರುತ್ತಿತ್ತು, ಯಾರನ್ನಾದರೂ ಕೇಳುತ್ತಿದ್ದ. ಕಣ್ಣಿಗೆ ಸುಳ್ಳು ಹೇಳುವ ಗುಂಡು, ಕೈಗೆ ಏನನ್ನೂ ಹೇಳದ ಸ್ಪ್ರಿಂಗ್. ಎರಡೂ ಸೇರಿದ ದಿನ ಗಾಡಿ ಹಿಂದಕ್ಕೆ ಬಂತು. ಸ್ಪ್ರಿಂಗ್ ಬದಲಿಸಲು ಗೇರ್ ಪೆಟ್ಟಿಗೆಯ ಮೇಲಿನ ಮುಚ್ಚಳ ತೆಗೆಯಬೇಕಾಯಿತು. ಅದಕ್ಕೆ ಅರ್ಧ ದಿನ ಹಿಡಿಯಿತು.

ಇನ್ನೊಂದು ಮಾತನ್ನು ಮಿಸ್ತ್ರಿ ಒತ್ತಿ ಹೇಳಿದರು. ಚಿತ್ರಕ್ಕೂ ಗೇರಿಗೂ ಹೊಂದಿಕೆಯಿಲ್ಲ ಎಂದಾಗ ಚಿತ್ರವೇ ತಪ್ಪು ಎಂದು ತೀರ್ಮಾನಿಸಬಾರದು. ಕ್ಯಾಬಿನ್ ಮುಂದಕ್ಕೆ ಮಗುಚಿಕೊಳ್ಳುವ ಗಾಡಿಗಳಲ್ಲಿ ಗೇರ್ ರಾಡ್ ನೇರವಾಗಿ ಗೇರ್ ಪೆಟ್ಟಿಗೆಯ ಮೇಲೆ ಕುಳಿತಿರುವುದಿಲ್ಲ. ನಡುವೆ ಉದ್ದನೆಯ ಸಲಾಕೆಗಳು, ಕೀಲುಗಳು, ಬುಷ್‌ಗಳು ಇರುತ್ತವೆ. ವರ್ಷಗಟ್ಟಲೆ ಧೂಳು ಕುಡಿದು ಅವು ಸವೆಯುತ್ತವೆ. ಆಗ ರಾಡ್ ಗಂಜಿಯಲ್ಲಿ ಸೌಟು ತಿರುಗಿಸಿದ ಹಾಗೆ ಆಡುತ್ತದೆ. ಮೇಲೆ ರಾಡ್ ಎರಡಕ್ಕೆ ಬಂದಂತೆ ಕಾಣುತ್ತದೆ, ಕೆಳಗೆ ಅದು ಅರ್ಧ ದಾರಿಯಲ್ಲಿರುತ್ತದೆ. ಮೇಲೆ ನ್ಯೂಟ್ರಲ್, ಕೆಳಗೆ ಗೇರಿನ ಅಂಚು. ಇಂಥ ಗಾಡಿಯಲ್ಲಿ ಚಿತ್ರವನ್ನು ತಿರುಗಿಸಿ ಹೊಂದಿಸಿದರೆ ರೋಗ ಮುಚ್ಚಿಟ್ಟಂತೆ ಆಗುತ್ತದೆ. ಬುಷ್ ಬದಲಿಸಿ, ಗೇರ್ ಪೆಟ್ಟಿಗೆ ನ್ಯೂಟ್ರಲ್‌ನಲ್ಲಿ ಇದೆಯೆಂದು ಖಚಿತ ಮಾಡಿಕೊಂಡು, ಮೇಲೆ ರಾಡನ್ನೂ ನಡುವೆ ನಿಲ್ಲಿಸಿ, ಆಮೇಲೆ ಸಲಾಕೆಯ ತುದಿಯ ತಿರುಪಿನಿಂದ ಉದ್ದ ಹೊಂದಿಸಿ ನಟ್ಟು ಬಿಗಿಯಬೇಕು. ಇದು ಗ್ಯಾರೇಜಿನ ಕೆಲಸ, ಮನೆಯಲ್ಲಿ ಮಾಡುವುದಲ್ಲ.

ವಂಟಮುರಿ ಘಾಟು ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದಿಡುವುದು ಬ್ರೇಕ್ ಒಂದೇ ಅಲ್ಲ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಇಳಿಜಾರಿನ ನಡುವೆ ಗೇರ್ ಬದಲಿಸಲು ಹೋಗಿ ಅದು ಯಾವ ಮನೆಯಲ್ಲೂ ಕೂರದೆ ಹೋದರೆ ಗಾಡಿ ಬಿಟ್ಟ ಎತ್ತಿನ ಹಾಗೆ ಓಡುತ್ತದೆ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ನಿಮ್ಮ ಮನೆಯವರು ಊಟಕ್ಕೆ ಕುಳಿತಾಗ "ಗೇರ್ ಸ್ವಲ್ಪ ಬೀಳಾಕ ತ್ರಾಸ ಕೊಡಾಕತ್ತೈತಿ" ಎಂದು ಹೇಳಿದ್ದನ್ನು ನೀವು ಕೇಳಿರುತ್ತೀರಿ. ಅದನ್ನು ಕೇಳಿ ಸುಮ್ಮನಾಗಬೇಡಿ. ಹಂಗಾಮು ಮುಗಿಯಲಿ ಎನ್ನುತ್ತಾರೆ. ಹಂಗಾಮಿನಲ್ಲೇ ಅಲ್ಲವೇ ಗಾಡಿ ತುಂಬಿ ಇಳಿಯುವುದು?

ಈ ಘಟನೆಯನ್ನು ನಾನು ಪಾಠದ ನಡುವೆ ಹುಡುಗಿಯರಿಗೆ ಹೇಳಿದ್ದೆ. ಅದು ಹೇಗೋ ಸುತ್ತಿ ಬಳಸಿ ಸೌದಿಯ ದಮ್ಮಾಮಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತಲುಪಿತು. ಅವಳು ಫೋನ್ ಮಾಡಿದಳು. ಅವಳ ಗಂಡ ಅಲ್ಲಿ ಹಳೆಯ ಅಮೆರಿಕನ್ ಪಿಕಪ್ ಗಾಡಿಯೊಂದನ್ನು ಇಟ್ಟುಕೊಂಡಿದ್ದಾನೆ. ಸೌದಿಯಲ್ಲಿ 2018ರ ಜೂನ್ ತಿಂಗಳಿಂದ ಮಹಿಳೆಯರೂ ವಾಹನ ಚಲಾಯಿಸಬಹುದು. ಇವಳೂ ಲೈಸೆನ್ಸ್ ಪಡೆದು ಕಲಿಯಬೇಕೆಂದಿದ್ದಾಳೆ. "ಆಪಾ, ನಮ್ಮ ಗಾಡಿದೂ ಹಂಗೇ ಐತಿ. ರಾಡ್ ಹಾಕಿದ್ದು ಒಂದು, ಮುಳ್ಳು ತೋರಿಸೋದು ಒಂದು. ಇವರು 'ನನಗ ಗೊತ್ತೈತಿ' ಅಂತಾರ. ನನಗ ಗೊತ್ತಿಲ್ಲಲ್ಲ!" ಎಂದಳು. ನಮ್ಮ ಮಿಸ್ತ್ರಿಯ ಮಾತನ್ನೇ ಅವಳೂ ಹೇಳಿದ ಹಾಗಾಯಿತು.

ಆ ಗಾಡಿಗಳ ರೀತಿ ಬೇರೆ. ಅವು ಆಟೊಮ್ಯಾಟಿಕ್. ಕ್ಲಚ್ ಇಲ್ಲ. ಗೇರ್ ರಾಡ್ ಸ್ಟೀರಿಂಗ್ ಕಂಬದ ಪಕ್ಕದಲ್ಲಿರುತ್ತದೆ. ಮುಂದಿನ ಫಲಕದಲ್ಲಿ ಪಿ, ಆರ್, ಎನ್, ಡಿ ಎಂಬ ಅಕ್ಷರಗಳ ಸಾಲು, ಅದರ ಮೇಲೆ ಓಡಾಡುವ ಒಂದು ಮುಳ್ಳು. ಪಿ ಎಂದರೆ ನಿಲ್ಲಿಸುವುದು, ಆಗ ಗೇರ್ ಪೆಟ್ಟಿಗೆಯ ಒಳಗೆ ಒಂದು ಕೊಕ್ಕೆ ಹಲ್ಲುಗಾಲಿಯ ಸಂದಿಗೆ ಕುಳಿತು ಗಾಡಿ ಉರುಳದಂತೆ ಹಿಡಿಯುತ್ತದೆ. ಆರ್ ರಿವರ್ಸ್, ಎನ್ ನ್ಯೂಟ್ರಲ್, ಡಿ ಮುಂದಕ್ಕೆ. ಹಳೆಯ ಗಾಡಿಗಳಲ್ಲಿ ಆ ಮುಳ್ಳನ್ನು ಎಳೆಯುವುದು ಸ್ಟೀರಿಂಗ್ ಕಂಬಕ್ಕೆ ಸಿಕ್ಕಿಸಿದ ಒಂದು ತೆಳುವಾದ ತಂತಿ. ತಂತಿ ಸಡಿಲವಾದರೆ, ಅದನ್ನು ಹಿಡಿದ ಪ್ಲಾಸ್ಟಿಕ್ ಕೊಂಡಿ ಬಿಸಿಲಿಗೆ ಒಣಗಿ ಮುರಿದರೆ ಮುಳ್ಳು ಒಂದು ಅಕ್ಷರ ಹಿಂದೆ ಬೀಳುತ್ತದೆ. ಗಾಡಿ ಡಿಯಲ್ಲಿರುತ್ತದೆ, ಮುಳ್ಳು ಎನ್ ತೋರಿಸುತ್ತದೆ. ಪಿಯಲ್ಲಿದೆ ಎಂದುಕೊಂಡು ಇಳಿದರೆ ಅದು ಆರ್‌ನಲ್ಲಿರಬಹುದು.

ಅವಳಿಗೆ ಹೇಳಿದ್ದನ್ನೇ ಗಲ್ಫ್‌ನಲ್ಲಿರುವ ಉಳಿದ ಸಹೋದರಿಯರಿಗೂ ಹೇಳುತ್ತೇನೆ. ಮೊದಲು ಕೈಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಎಂಜಿನ್ ನಿಂತಿರಲಿ. ಬ್ರೇಕ್ ಒತ್ತಿ ರಾಡನ್ನು ಪೂರ್ತಿ ಪಿಯ ತುದಿಗೆ ಒಯ್ಯಿರಿ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಸಿ, ಕೈಗೆ ಟಕ್ ಎಂದು ತಿಳಿಯುತ್ತದೆ. ಮೊದಲ ಮೆಟ್ಟಿಲು ಆರ್, ಎರಡನೆಯದು ಎನ್, ಮೂರನೆಯದು ಡಿ. ಎಣಿಕೆ ಸರಿಯಿದ್ದು ಮುಳ್ಳು ಮಾತ್ರ ಬೇರೆ ತೋರಿಸಿದರೆ ರೋಗ ಮುಳ್ಳಿನ ತಂತಿಯಲ್ಲಿದೆ. ಅದನ್ನು ಹೊಂದಿಸಲು ಕಂಬದ ಹತ್ತಿರ ಚಿಕ್ಕ ತಿರುಪು ಅಥವಾ ಜರುಗಿಸುವ ಕೊಂಡಿ ಇರುತ್ತದೆ. ತಿಳಿದವರಿಗೆ ಅದು ಸಣ್ಣ ಕೆಲಸ. ಆದರೆ ಮೆಟ್ಟಿಲೇ ಸರಿಯಾಗಿ ಸಿಗದಿದ್ದರೆ, ಪಿಯಲ್ಲಿ ಇಟ್ಟರೂ ಗಾಡಿ ಅಲುಗಾಡಿ ಉರುಳಿದರೆ, ಇಲ್ಲವೇ ರಿವರ್ಸಿನ ಮೆಟ್ಟಿಲಿನಲ್ಲಿ ಎಂಜಿನ್ ಚಾಲೂ ಆದರೆ, ರೋಗ ಕೆಳಗಿದೆ. ಇಂಥ ಗಾಡಿಗಳು ಪಿ ಮತ್ತು ಎನ್‌ನಲ್ಲಿ ಮಾತ್ರ ಚಾಲೂ ಆಗುವಂತೆ ಸ್ವಿಚ್ ಇಟ್ಟಿರುತ್ತಾರೆ. ಅಂಥ ಗಾಡಿಯಲ್ಲಿ ಕಲಿಯಲು ಕೂರಲೇಬೇಡಿ, ಗ್ಯಾರೇಜಿಗೆ ಕಳಿಸಿ.

ಇದು ಬಡ ಊರಿನ ಹಳೆಯ ಗಾಡಿಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಹಿಂದೆ ಅನೇಕ ಕಾರುಗಳಲ್ಲಿ ರಿವರ್ಸನ್ನು ಸಾಲಿನ ಕೊನೆಗೆ, ಮುಂದೆ ಹೋಗುವ ಗೇರಿನ ಪಕ್ಕಕ್ಕೇ ಇಟ್ಟಿದ್ದರು. ನಡುವೆ ನ್ಯೂಟ್ರಲ್ ಇರಲಿಲ್ಲ. ಕೈ ಸ್ವಲ್ಪ ಜಾರಿದರೆ ಗಾಡಿ ಉಲ್ಟಾ. ರಾಲ್ಫ್ ನೇಡರ್ ಎಂಬ ವಕೀಲರು 1965ರಲ್ಲಿ ಕಾರುಗಳ ಅಪಾಯಗಳ ಕುರಿತು ಬರೆದ ಪ್ರಸಿದ್ಧ ಪುಸ್ತಕದಲ್ಲಿ ಇದನ್ನೂ ಎತ್ತಿ ಆಡಿದರು. 1968ರಿಂದ ಅಲ್ಲಿ ನಿಯಮವೇ ಬಂತು, ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರಲೇಬೇಕು ಎಂದು. ಕೈಯಿಂದ ಗೇರ್ ಹಾಕುವ ಗಾಡಿಗಳಲ್ಲೂ ಗೇರಿನ ಚಿತ್ರ ಚಾಲಕನ ಕಣ್ಣಿಗೆ ಸದಾ ಕಾಣುವಂತಿರಬೇಕು ಎಂಬುದು ಅದೇ ನಿಯಮದಲ್ಲಿದೆ. ಎಲ್ಲರಿಗೂ ರೂಢಿಯಾದ ಮೂರು ಗೇರಿನ ಹಳೆಯ ಮಾದರಿಗೆ ಮಾತ್ರ ವಿನಾಯಿತಿ. ಅಣ್ಣನಿಗೆ ಇದನ್ನು ಓದಿ ಹೇಳಿದೆ. "ಒಂದು ಗುಂಡಿಗೆ ಸರಕಾರ ಕಾಯಿದೆ ಮಾಡ್ಯಾರಾ?" ಎಂದು ಬಾಯಿ ತೆರೆದ.

ಫೋರ್ಡ್ ಕಂಪೆನಿಯ ಪ್ರಕರಣ ಇನ್ನೂ ದೊಡ್ಡದು. ಅದರ ಆಟೊಮ್ಯಾಟಿಕ್ ಗಾಡಿಗಳು ಪಿಯಲ್ಲಿ ನಿಲ್ಲಿಸಿದ ಮೇಲೆ ರಿವರ್ಸಿಗೆ ಜಾರುತ್ತವೆ ಎಂಬ ದೂರುಗಳು ಎಪ್ಪತ್ತರ ದಶಕದಲ್ಲಿ ರಾಶಿ ಬಿದ್ದವು. ರಾಡ್ ಪಿಗೂ ಆರ್‌ಗೂ ನಡುವೆ ನಿಂತಿರುತ್ತಿತ್ತು, ಚಾಲಕ ಪಿ ಎಂದುಕೊಂಡು ಇಳಿಯುತ್ತಿದ್ದ, ಎಂಜಿನ್ನಿನ ನಡುಕಕ್ಕೆ ಅದು ಜಾರುತ್ತಿತ್ತು. ಸರಕಾರ ತನಿಖೆ ಮಾಡಿತು. 1980ರ ಕೊನೆಯಲ್ಲಿ ಒಂದು ಒಪ್ಪಂದವಾಯಿತು. ಸುಮಾರು 2.3 ಕೋಟಿ ಗಾಡಿಗಳ ಮಾಲೀಕರಿಗೆ ಕಂಪೆನಿ ಎಚ್ಚರಿಕೆಯ ಚೀಟಿ ಕಳಿಸುವುದು, ಅವರು ಅದನ್ನು ಗಾಡಿಯಲ್ಲಿ ಅಂಟಿಸಿಕೊಳ್ಳುವುದು! ರಾಡ್ ಪೂರ್ತಿ ಪಿಯಲ್ಲಿದೆಯೇ ನೋಡಿ, ಕೈಬ್ರೇಕ್ ಎಳೆಯಿರಿ, ಎಂಜಿನ್ ನಿಲ್ಲಿಸಿ, ಇಷ್ಟೇ ಅದರ ಸಾರ. ಗಾಡಿ ಸರಿಪಡಿಸುವ ಬದಲು ಚೀಟಿ ಅಂಟಿಸಿದರು ಎಂದು ಅಲ್ಲಿ ಬಹಳ ಟೀಕೆ ಬಂತು. ನನಗೂ ಆ ಟೀಕೆ ಸರಿಯೆನಿಸುತ್ತದೆ. ಆದರೂ ಚೀಟಿಯಲ್ಲಿದ್ದ ಮೂರು ಮಾತುಗಳು ಇಂದಿಗೂ ನಿಜವೇ.

ಇನ್ನೊಂದು ಪ್ರಕರಣ 2016ರದು. ಆಂಟನ್ ಯೆಲ್ಚಿನ್ ಎಂಬ 27 ವರ್ಷದ ನಟ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ ಜೀಪ್ ನಿಲ್ಲಿಸಿ ಇಳಿದ. ಅದು ಉರುಳಿ ಬಂದು ಗೇಟಿನ ಕಂಬಕ್ಕೆ ಅವನನ್ನು ಒತ್ತಿತು. ಆ ಮಾದರಿಯ ಗಾಡಿಯಲ್ಲಿ ಗೇರ್ ರಾಡ್ ಯಾವ ಗೇರಿಗೆ ಹಾಕಿದರೂ ಕೈ ಬಿಟ್ಟ ಕೂಡಲೇ ನಡುವಿಗೆ ಮರಳುತ್ತಿತ್ತು. ಯಾವ ಗೇರಿನಲ್ಲಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ, ದೀಪದ ಅಕ್ಷರ ನೋಡಿ ತಿಳಿಯಬೇಕಿತ್ತು. ಅವನು ಸಾಯುವ ಎರಡು ತಿಂಗಳು ಮುಂಚೆ, ಏಪ್ರಿಲಿನಲ್ಲಿ, ಇದೇ ಕಾರಣಕ್ಕೆ ಕಂಪೆನಿ ಸುಮಾರು 11 ಲಕ್ಷ ಗಾಡಿಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯುವುದಾಗಿ ಹೇಳಿತ್ತು. ಹೊಚ್ಚ ಹೊಸ ಬೆಲೆಬಾಳುವ ಗಾಡಿ ಅದು, ಅಣ್ಣನ ಟ್ರಕ್ಕಿನಂತೆ ಹಳೆಯದಲ್ಲ.

ನಮ್ಮ ಮನೆಗಳಿಗೇ ಮರಳಿ ಬರೋಣ. ಹಳೆಯ ಬಜಾಜ್ ಚೇತಕ್ ಸ್ಕೂಟರ್ ನೆನಪಿದೆಯೇ? ಎಡಗೈ ಹಿಡಿಕೆಯನ್ನೇ ತಿರುಗಿಸಿ ಗೇರ್ ಹಾಕುವುದು, ಪಕ್ಕದಲ್ಲಿ ಅಂಕಿಗಳು. ಕೆಳಗೆ ಎಂಜಿನ್ನಿಗೆ ಹೋಗುವುದು ಎರಡು ತಂತಿಗಳು. ಅವು ಹಿಗ್ಗಿದರೆ ಹಿಡಿಕೆ ನ್ಯೂಟ್ರಲ್‌ನಲ್ಲಿದೆ ಎನ್ನುತ್ತದೆ, ಕಿಕ್ ಹೊಡೆದಾಗ ಸ್ಕೂಟರ್ ಮುಂದಕ್ಕೆ ನೆಗೆಯುತ್ತದೆ. ಇಂದಿಗೂ ಕೆಲವರ ಮನೆಯಲ್ಲಿ ಅಬ್ಬಾಜಾನರ ಗುರುತೆಂದು ಅದನ್ನು ಇಟ್ಟುಕೊಂಡಿದ್ದಾರೆ. ಹಿಡಿಕೆಯ ಮೂರು ಗಾಡಿಯ ಹಳೆಯ ಆಟೋಗಳಲ್ಲೂ ಇದೇ ಏರ್ಪಾಡು. ಅಲ್ಲಿ ತಂತಿಯ ತುದಿಯ ತಿರುಪನ್ನು ಬಿಗಿದು ಗೇರಿಗೂ ಅಂಕಿಗೂ ಹೊಂದಿಸಬೇಕು. ಅಂಕಿಯನ್ನು ಕೆರೆದು ಬೇರೆ ಕಡೆ ಬರೆದುಕೊಂಡವರನ್ನೂ ನಾನು ನೋಡಿದ್ದೇನೆ!

ಈಗ ಹೆಣ್ಣುಮಕ್ಕಳು ಕಾರು ಕಲಿಯುವುದು ಹೆಚ್ಚಾಗಿದೆ, ಸಂತೋಷ. ಅವರಲ್ಲಿ ಹಲವರು ಕ್ಲಚ್ ಇಲ್ಲದ ಅಗ್ಗದ ಕಾರು ಕೊಳ್ಳುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಈ ಬಗೆಯನ್ನು ನಮ್ಮ ದೇಶದಲ್ಲಿ ಎಲ್ಲರ ಕೈಗೆಟಕುವಂತೆ ತಂದಿತು. ಎಎಂಟಿ ಎನ್ನುತ್ತಾರೆ. ಗಮನಿಸಿ, ಈ ಬಗೆಯ ಕಾರುಗಳಲ್ಲಿ ಸಾಮಾನ್ಯವಾಗಿ ಪಿ ಎಂಬ ಅಕ್ಷರವೇ ಇರುವುದಿಲ್ಲ. ಆರ್, ಎನ್, ಡಿ, ಎಂ ಅಷ್ಟೆ. ಎನ್‌ನಲ್ಲಿ ಬಿಟ್ಟು ಇಳಿದರೆ ಕಾರನ್ನು ಹಿಡಿದಿಡುವುದು ಕೈಬ್ರೇಕ್ ಒಂದೇ. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಎಂಜಿನ್ ನಿಲ್ಲಿಸಿ, ಕೈಬ್ರೇಕನ್ನೂ ಪೂರ್ತಿ ಎಳೆಯಿರಿ. ಗಲ್ಫ್‌ನಲ್ಲಿ ಪಿ ರೂಢಿಯಾಗಿ ಇಲ್ಲಿ ರಜೆಗೆ ಬಂದು ತಮ್ಮನ ಕಾರು ಓಡಿಸುವವರು ಇದನ್ನು ಮರೆಯುತ್ತಾರೆ.

ಕಡೆಗೆ ತಾಯಂದಿರಿಗೆ ಒಂದು ಮಾತು, ಗೇರಿನ ವಿಷಯಕ್ಕೆ ಸ್ವಲ್ಪ ಹೊರಗಿನದು. "ನಾಲ್ಕು ಹೆಜ್ಜೆ ಸರಿಸು" ಎಂದು ಹದಿನಾರರ ಮಗನ ಕೈಗೆ ಚಾವಿ ಕೊಡುವ ರೂಢಿ ನಮ್ಮಲ್ಲಿ ಬಹಳ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಬಾಡಿಗೆಗೆ ಓಡುವ ಟ್ರಕ್ಕಿನಂಥ ವಾಹನಗಳನ್ನು ರಸ್ತೆಯಲ್ಲಿ ಓಡಿಸಲು 20 ವರ್ಷ ತುಂಬಿರಬೇಕು. ನಮ್ಮ ಕ್ಲೀನರ್ ಹುಡುಗನಿಗೆ ಅಂದು ಅದೂ ತುಂಬಿರಲಿಲ್ಲ. ಅಂಗಳದಲ್ಲಿ ಕಾಯಿದೆ ನೋಡುವವರು ಯಾರು ಎಂದು ಅಣ್ಣ ಹೇಳಿದ. ಭಾಬಿ ಮೊಣಕೈ ತೋರಿಸಿದರು.

ಮಿಸ್ತ್ರಿ ಹೋಗುವ ಮುನ್ನ ಬಿಳಿ ಆಯಿಲ್ ಪೇಂಟ್ ತರಿಸಿ ಸ್ಟೀರಿಂಗ್ ಮುಂದಿನ ಫಲಕದ ಮೇಲೆಯೂ ಗೇರಿನ ಚಿತ್ರ ಬರೆದರು. ಗುಂಡು ಮತ್ತೆ ಕಳೆದರೂ ಅದು ಇರುತ್ತದೆ ಎಂದು. ಅವರ ಅಕ್ಷರ ಸೊಟ್ಟ, ಆದರೆ ಆರ್ ಎಂಬುದನ್ನು ಮಾತ್ರ ಕೆಂಪಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಕ್ಲೀನರ್ ಹುಡುಗ ಕೆಲಸ ಬಿಡಲಿಲ್ಲ. ಇಪ್ಪತ್ತು ತುಂಬಿದ ಮೇಲೆ ಲೈಸೆನ್ಸಿಗೆ ಅರ್ಜಿ ಹಾಕಿದ. ಗಾಡಿ ಅಂಗಳಕ್ಕೆ ಬಂದು ನಿಂತ ಕೂಡಲೇ ಅವನು ಮಾಡುವ ಮೊದಲ ಕೆಲಸ ಹಿಂದಿನ ಗಾಲಿಗಳಿಗೆ ಎರಡು ಕಲ್ಲು ಇಡುವುದು. ಆ ಕಲ್ಲುಗಳು ಒಡೆದ ಮೋಟು ಗೋಡೆಯವು. ಗೋಡೆಯನ್ನು ಅಣ್ಣ ಇನ್ನೂ ಕಟ್ಟಿಸಿಲ್ಲ, ಹಂಗಾಮು ಮುಗಿಯಲಿ ಎನ್ನುತ್ತಿದ್ದಾನೆ.